ಕಂಪನಿ ಬಾವಿಗೆ ಇಳಿಯುವ ಕೆಂಚಪ್ಪ

ಬುಕ್ಕಾಂಬುಧಿಯ ಕೆರೆ ಏರಿಯ ಮೇಲೆ ಮಂಜು ಇನ್ನೂ ಕರಗಿಲ್ಲ. ಏರಿಯ ಕೆಳಗಿನ ಬೀದಿಯಲ್ಲಿ ವಿಶಾಲಾಕ್ಷಮ್ಮನವರ ಹಿತ್ತಲ ಬಾವಿಯ ಕಟ್ಟೆಗೆ ಹೊಟ್ಟೆ ಆನಿಸಿ ಕೆಂಚಪ್ಪ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಹಗ್ಗ, ಹಗ್ಗದ ತುದಿಗೆ ಕಬ್ಬಿಣದ ಕೊಕ್ಕೆಗಳ ಗೊಂಚಲು. ಬಾವಿಗೆ ಬಿದ್ದ ಕೊಡ, ಬಿಂದಿಗೆ ಎತ್ತುವ ಪಾತಾಳಗರಡಿ ಇದೇ. ಹಗ್ಗವನ್ನು ಎಡ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದಾರೆ. ಆ ಕೈಯ ಎರಡು ಬೆರಳು ಮಡಚುವುದಿಲ್ಲ.

"ಸಿಗ್ತದೇನಪ್ಪಾ ಕೆಂಚಪ್ಪ? ತವರಿನ ತಾಮ್ರದ ಕೊಡ ಅದು" ಎಂದು ವಿಶಾಲಾಕ್ಷಮ್ಮ ಮೂರನೇ ಸಲ ಕೇಳುತ್ತಾರೆ.

"ಸಿಕ್ಕೈತೆ ಕಣ್ರಮ್ಮಾ. ಒಂದೀಟು ಸುಮ್ಕಿರಿ, ಜಾರ್ಬಿಟ್ಟಾತು."

ಕೊಡ ಮೇಲೆ ಬರುತ್ತದೆ. ಅದನ್ನು ಟವೆಲಿನಲ್ಲಿ ಒರೆಸಿ ಕೊಟ್ಟು, ಅವರು ಕೊಟ್ಟ ತೆಂಗಿನಕಾಯಿಯನ್ನೂ ಬಿಸಿ ರೊಟ್ಟಿಯನ್ನೂ ಚೀಲಕ್ಕೆ ಹಾಕಿಕೊಂಡು ಕೆಂಚಪ್ಪ ಸೈಕಲ್ ಹತ್ತುತ್ತಾರೆ. ಸೈಕಲ್ಲಿಗೆ ಮಡ್‌ಗಾರ್ಡ್ ಇಲ್ಲ. ಮಳೆ ಬಿದ್ದರೆ ಅಜ್ಜಂಪುರ ಸೀಮೆಯ ಎರೆ ಮಣ್ಣು ಅದರೊಳಗೆ ಮೆತ್ತಿಕೊಂಡು ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆಂದು ಬಿಚ್ಚಿಸಿ ಹಾಕಿದ್ದಾರೆ. ಬೆಲ್ಲೂ ಇಲ್ಲ. ಕ್ಯಾರಿಯರಿನ ಮೇಲೆ ಕುಣಿಯುವ ಕೊಕ್ಕೆಗಳ ಸದ್ದು ಕೇಳಿ ಹೆಂಗಸರೇ ಬಾಗಿಲಿಗೆ ಬಂದು ಕೂಗುತ್ತಾರೆ. ಇಲ್ಲಿಂದ ಅಂತರಘಟ್ಟೆ, ಅಲ್ಲಿಂದ ಅಜ್ಜಂಪುರ, ಒಮ್ಮೊಮ್ಮೆ ಕಡೂರಿನವರೆಗೂ ತುಳಿಯುತ್ತಾರೆ. ಕೆಲಸ ಸಿಕ್ಕ ದಿನ ಎರಡೋ ಮೂರೋ ಬಾವಿ. ಊರೂರಿಗೆ ಬೋರ್‌ವೆಲ್ ಬರುತ್ತಿರುವುದರಿಂದ ಅದೂ ಕಡಿಮೆಯಾಗುತ್ತಿದೆ. ಐವತ್ತು ದಾಟಿದ ಮೈ, ಏರು ಸಿಕ್ಕರೆ ಇಳಿದು ತಳ್ಳುತ್ತದೆ.

ಆದರೆ ನಾನು ಅವರನ್ನು ಹುಡುಕಿಕೊಂಡು ಬಂದದ್ದು ಕೊಡದ ಕಥೆ ಕೇಳಲಿಕ್ಕಲ್ಲ. ಕೆಂಚಪ್ಪ ಇನ್ನೊಂದು ಬಗೆಯ ಬಾವಿಗೂ ಇಳಿಯುತ್ತಾರೆ. ಆ ಬಾವಿಗೆ ಬೀಳುವವರು ಮನುಷ್ಯರು.

ಅಜ್ಜಂಪುರದಿಂದ ತರೀಕೆರೆ ಕಡೆ ಹೊರಳಿದರೆ ಎಡಕ್ಕೆ ಒಂದು ಕುರುಚಲು ಗುಡ್ಡದ ಸಾಲು ಕಾಣುತ್ತದೆ. ಪರಂಗಿ ಕಂಪನಿಯವರು ಅಲ್ಲಿ ಚಿನ್ನ ತೆಗೆದದ್ದು ನಮ್ಮ ಅಜ್ಜಂದಿರ ಕಾಲದಲ್ಲಿ. ಕೆಂಚಪ್ಪನವರ ತಾತ ಮುದ್ದಪ್ಪ ಅಲ್ಲಿ ಕೂಲಿಯಾಗಿದ್ದರು. ಹಗ್ಗ ಹಿಡಿದು ಇಳಿಯುವ ವಿದ್ಯೆ ಈ ಮನೆಗೆ ಬಂದದ್ದು ಅವರಿಂದ. ಚಿನ್ನ ಮುಗಿದ ಮೇಲೆ ಕಂಪನಿ ತನ್ನ ಯಂತ್ರ, ಹಳಿ, ತಗಡು ಎಲ್ಲವನ್ನೂ ಗಾಡಿಗೆ ಹೇರಿಕೊಂಡು ಹೋಯಿತು. ತೋಡಿದ ಗುಂಡಿಗಳನ್ನು ಮಾತ್ರ ಇಲ್ಲೇ ಬಿಟ್ಟುಹೋಯಿತು. ಅವುಗಳ ಬಾಯಿಗೆ ಹಾಸಿದ್ದ ಮರದ ಹಲಗೆಗಳು ಗೆದ್ದಲಿಗೆ ಹೋಗಿ, ಮೇಲೆ ಲಂಟಾನ ಹಬ್ಬಿದೆ. ಹತ್ತಿರ ಹೋಗಿ ನಿಂತರೂ ಬರೀ ಪೊದೆ ಕಾಣುತ್ತದೆ. ಊರವರು ಅವನ್ನು ಕಂಪನಿ ಬಾವಿ ಎನ್ನುತ್ತಾರೆ. ಕಂಪನಿ ಹೋಗಿ ಸರ್ಕಾರ ಬಂತು, ಗುಡ್ಡ ಗಣಿ ಇಲಾಖೆಯ ಆಸ್ತಿಯಾಯಿತು. ಗುಂಡಿ ಮುಚ್ಚಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಗುಡ್ಡದ ಬುಡದ ಹಳ್ಳಿಯ ಅಂಬಮ್ಮನವರ ಮಗಳು ಹಾಲಮ್ಮ ಸೌದೆಗೆ ಹೋದಳು. ಹತ್ತೊಂಬತ್ತರ ಹುಡುಗಿ, ಮದುವೆ ಗೊತ್ತಾಗಿತ್ತು. ಸಂಜೆಯಾದರೂ ಬರಲಿಲ್ಲ. ಮಾರನೆಯ ದಿನ ಲಂಟಾನದ ಪೊದೆಯ ಪಕ್ಕ ಅವಳ ಸೌದೆ ಹೊರೆ ಸಿಕ್ಕಿತು. ಜನ ಕೆಂಚಪ್ಪನನ್ನು ಕರೆತಂದರು.

"ತಾಯಿ ಎದುರ್ಗೇ ನಿಂತಿದ್ಲು ಕಣ್ರೀ" ಎನ್ನುತ್ತಾರೆ ಕೆಂಚಪ್ಪ. "ಕೊಕ್ಕೆ ಬಿಡಾಕೆ ಮನ್ಸು ಬರ್ಲಿಲ್ಲ. ಕೊಡ ತೆಗ್ಯೋ ಕೊಕ್ಕೇಲಿ ಆ ಮಗೀನ ಹೆಂಗ್ ಎಳೀಲಿ? ನಾನೇ ಇಳ್ದೆ. ಹೆಗಲ ಮ್ಯಾಲೆ ಹಾಕ್ಕಂಡು ಬಂದೆ."

ಅಂಬಮ್ಮ ಪರಿಹಾರ ಕೇಳಲಿಲ್ಲ. ಆ ಬಾವಿ ಮುಚ್ಚಿಸಿ ಎಂದು ಮಾತ್ರ ಕೇಳಿಕೊಂಡು ತರೀಕೆರೆಗೆ ಅಲೆದರು. ಇಲಾಖೆಯವರು ಗೋಡೆಯ ನಕ್ಷೆಗೆ ಕೋಲು ತೋರಿಸಿ, ಅಲ್ಲಿ ಅಂಥ ಬಾವಿಯೇ ಇಲ್ಲ ಎಂದರು. ಮಗಳನ್ನು ಮಣ್ಣು ಮಾಡಿ ಬಂದ ತಾಯಿಗೆ, ನಿನ್ನ ಮಗಳು ಬಿದ್ದ ಜಾಗವೇ ಭೂಮಿಯ ಮೇಲಿಲ್ಲ ಎಂದು ಹೇಳಿ ಕಳಿಸಿದರು. ಈ ಮಾತು ಹೇಳಿದ ಬಾಯಿಗೆ ಅಂದು ಅನ್ನ ಹೇಗೆ ಸೇರಿತೋ ನನಗೆ ತಿಳಿಯದು.

ಐದು ವರ್ಷ ಹಾಗೇ ಕಳೆಯಿತು. ನಡುವೆ ಒಂದು ಎಮ್ಮೆ, ಎರಡು ಮೇಕೆ ಬಿದ್ದವು. ಎಂಬತ್ತನಾಲ್ಕರ ಡಿಸೆಂಬರಿನಲ್ಲಿ ಬೆಂಗಳೂರಿನಿಂದ ಸೈಕಲ್ ಪ್ರವಾಸದ ತಂಡವೊಂದು ಬಂತು. ಹಳೆಯ ಗಣಿಗಳ ಸೀಮೆಯನ್ನು ಸೈಕಲ್ಲಿನಲ್ಲಿ ಸುತ್ತುವ ಉತ್ಸಾಹ. ಕಡೂರು ಸ್ಟೇಷನ್ನಿನಲ್ಲಿ ರೈಲಿಳಿದರು, ದೊಡ್ಡವರೊಬ್ಬರು ಬಾವುಟ ಬೀಸಿದರು, ಫೋಟೊ ಹೊಡೆಸಿಕೊಂಡರು. ಬೀರೂರು, ಅಜ್ಜಂಪುರದ ಚಿನ್ನದ ಗುಡ್ಡ, ತರೀಕೆರೆ, ಕೊನೆಗೆ ಕೆಮ್ಮಣ್ಣುಗುಂಡಿಯ ಕಬ್ಬಿಣದ ಅದಿರಿನ ಬೆಟ್ಟ. ಇದು ಅವರ ದಾರಿ. ತಂಡ ಕಟ್ಟಿದ್ದ ಓಂಕಾರಮೂರ್ತಿ ಕಡೂರಿನ ತೆಂಗಿನಕಾಯಿ ವ್ಯಾಪಾರಿಯ ಮಗ, ಬೆಂಗಳೂರಿನ ಬ್ಯಾಂಕೊಂದರಲ್ಲಿ ಗುಮಾಸ್ತರು.

ಎರಡನೆಯ ದಿನ ಅವರು ಸೈಕಲ್ಲುಗಳನ್ನು ಗುಡ್ಡದ ಬುಡದಲ್ಲಿ ಒರಗಿಸಿ ಮೇಲೆ ಹತ್ತಿದರು. ಓಂಕಾರಮೂರ್ತಿ ಗೆಳೆಯರ ಫೋಟೊ ತೆಗೆಯಲೆಂದು ಕ್ಯಾಮೆರಾದಲ್ಲಿ ಕಣ್ಣಿಟ್ಟುಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು. ಪೊದೆ ಮುರಿದ ಸದ್ದಾಯಿತು. ಗೆಳೆಯರು ನೋಡುವಷ್ಟರಲ್ಲಿ ಅವರಿರಲಿಲ್ಲ.

ಕೆಂಚಪ್ಪ ಆಗ ಪಕ್ಕದ ಹಳ್ಳಿಯಲ್ಲಿ ಬಿಂದಿಗೆ ತೆಗೆಯುತ್ತಿದ್ದರು. ಸುದ್ದಿ ಕೇಳಿ ಅದನ್ನು ಹಾಗೇ ಬಿಟ್ಟು ಸೈಕಲ್ ತುಳಿದು ಬಂದರು. ಗುಂಡಿಯ ಸುತ್ತ ಗೆಳೆಯರು ಅಳುತ್ತ ನಿಂತಿದ್ದರು. ಒಬ್ಬ ಅಗ್ನಿಶಾಮಕದವರಿಗೆ ಫೋನ್ ಮಾಡಲು ಅಜ್ಜಂಪುರಕ್ಕೆ ಹೋಗಿದ್ದ. ಕೆಂಚಪ್ಪ ಮೊದಲು ಲಾಟೀನು ಹಚ್ಚಿ ಇಳಿಬಿಟ್ಟರು. ಕೆಳಗೆ ಕೆಟ್ಟ ಗಾಳಿ ಇದ್ದರೆ ದೀಪ ಆರಿಹೋಗುತ್ತದೆ. ದೀಪ ಆರಲಿಲ್ಲ. ಅದರ ಬೆಳಕಿನಲ್ಲಿ, ಗೋಡೆಗೆ ಸಿಕ್ಕಿಕೊಂಡಿದ್ದ ಹಳೆಯ ತೊಲೆಯೊಂದರ ಮೇಲೆ ಕಾಲು ಮುರಿದುಕೊಂಡು ಬಿದ್ದಿದ್ದ ಓಂಕಾರಮೂರ್ತಿ ಕಂಡರು. ತೊಲೆಯ ಕೆಳಗೆ ಕಪ್ಪು ನೀರು.

ಹಗ್ಗ ಹಿಡಿಯಲು ಗಟ್ಟಿ ಕೈಗಳು ಬೇಕಿದ್ದವು. ಗಲಾಟೆ ಕೇಳಿ ಸೌದೆ ಆರಿಸುತ್ತಿದ್ದ ಹೆಂಗಸರು ಬಂದರು. ಮುಂದೆ ಬಂದು ಹಗ್ಗ ಹಿಡಿದವರು ಅಂಬಮ್ಮ.

"ನೀನ್ ಬ್ಯಾಡ ಕಣಕ್ಕಾ, ನೀನ್ ಆಕಡೆ ಹೋಗು ಅಂದೆ" ಎಂದು ಕೆಂಚಪ್ಪ ನೆನೆಯುತ್ತಾರೆ. "ಅವ್ಳೇನಂದ್ಲು ಗೊತ್ತಾ? 'ಲೇ ಕೆಂಚಾ, ಅವತ್ತು ನನ್ ಮಗ್ಳ ಹೆಣ ಎತ್ತೋವಾಗ ನಾನ್ ಕೈ ಕಟ್ಕಂಡ್ ನಿಂತಿದ್ದೆ. ಇವತ್ತು ಜೀವ ಐತೆ. ಇಳೀ ನೀನು' ಅಂದ್ಲು."

ಕೆಂಚಪ್ಪ ಇಳಿದರು. ಓಂಕಾರಮೂರ್ತಿಯವರ ತೋಳಿನಡಿ ಹಗ್ಗ ಕಟ್ಟಿ, ಕಣ್ಣು ಮುಚ್ಚಿಕೊಳ್ಳಿ ಸ್ವಾಮಿ ಎಂದು ಹೇಳಿ ಮೇಲಕ್ಕೆ ಕಳಿಸಿದರು. ತಾವು ಕೆಳಗೇ ತೊಲೆ ತಬ್ಬಿಕೊಂಡು ಕುಳಿತರು. ಹಗ್ಗ ಉಜ್ಜಿದ ರಭಸಕ್ಕೆ ಅಂಚಿನ ಕಲ್ಲೊಂದು ಕಳಚಿ ಅವರ ಎಡಗೈ ಮೇಲೆ ಬಿತ್ತು. ಹೆಂಗಸರು ಮತ್ತೆ ಹಗ್ಗ ಇಳಿಬಿಟ್ಟು ಅವರನ್ನು ಎಳೆದುಕೊಳ್ಳುವವರೆಗೆ ಅವರು ಕೂಗಲಿಲ್ಲ. ಕೂಗಿದರೆ ಮೇಲಿನವರು ಗಾಬರಿಯಾಗಿ ಹಗ್ಗ ಬಿಟ್ಟಾರು ಎಂಬ ಹೆದರಿಕೆ.

ಇನ್ನು ಮುಂದಿನದನ್ನು ಓದುಗರು ತಾಳ್ಮೆಯಿಂದ ಓದಬೇಕು. ಆ ವಾರ ಪತ್ರಿಕೆಗಳಲ್ಲಿ ಬಂದದ್ದು ಸೈಕಲ್ ತಂಡದ ಸಾಹಸದ ಸುದ್ದಿ. ಎದೆಗುಂದದ ಗೆಳೆಯರು ಸಂಗಾತಿಯನ್ನು ಪಾತಾಳದಿಂದ ಎತ್ತಿದರಂತೆ. ಕೊನೆಯ ಸಾಲಿನಲ್ಲಿ "ಸ್ಥಳೀಯರೊಬ್ಬರು ನೆರವಾದರು" ಎಂದಿತ್ತು. ಕೆಂಚಪ್ಪನವರಿಗೆ ಸಂದ ಮರ್ಯಾದೆ ಅಷ್ಟೇ, ಹೆಸರೂ ಇಲ್ಲದ ಸ್ಥಳೀಯರೊಬ್ಬರು. ಅಂಬಮ್ಮನಿಗೆ ಅದೂ ಇಲ್ಲ. ತಿಂಗಳಾದ ಮೇಲೆ ಬೆಂಗಳೂರಿನಲ್ಲಿ ಸಭೆ ನಡೆಯಿತು, ಸೈಕಲ್ ತಂಡದವರಿಗೆ ಹಾರ, ಶಾಲು, ಫಲಕ. ಊರುಗೋಲು ಹಿಡಿದು ಬಂದ ಓಂಕಾರಮೂರ್ತಿ ಮೈಕಿನಲ್ಲಿ ಕೆಂಚಪ್ಪನ ಹೆಸರು ಹೇಳಿದರು. ಚಪ್ಪಾಳೆ ಬಿತ್ತು, ಫೋಟೊ ತೆಗೆದರು. ವರದಿಯಲ್ಲಿ ಆ ಹೆಸರು ಬರಲಿಲ್ಲ.

ಶಾಲು ಹೋದರೆ ಹೋಗಲಿ. ನನ್ನ ರಕ್ತ ಕುದಿಯುವುದು ಇನ್ನೊಂದಕ್ಕೆ. ಬ್ಯಾಂಕಿನ ಗುಮಾಸ್ತರು ಬಿದ್ದ ಆ ಒಂದು ಬಾವಿಗೆ ಇಲಾಖೆಯವರು ವಾರದೊಳಗೆ ಜೀಪಿನಲ್ಲಿ ಬಂದು ಕಲ್ಲುಕಂಬ ನೆಟ್ಟು ಮುಳ್ಳುತಂತಿ ಸುತ್ತಿದರು. ಇಂಗ್ಲಿಷಿನಲ್ಲಿ ಬೋರ್ಡು ಬರೆಸಿ ನಿಲ್ಲಿಸಿದರು. ಅಲ್ಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿದೆ ಹಾಲಮ್ಮ ಸತ್ತ ಬಾವಿ. ಅದಕ್ಕೆ ಒಂದು ಮುಳ್ಳುಕಂಟಿಯನ್ನೂ ಅಡ್ಡ ಹಾಕಲಿಲ್ಲ. ಅದೇ ಜೀಪಿನಲ್ಲಿ ಬಂದವರು, ಅದೇ ತಂತಿಯ ಸುರುಳಿ ಮಿಕ್ಕಿತ್ತು, ಸುತ್ತಿಕೊಂಡು ವಾಪಸ್ ಹೋದರು.

"ಬೋರ್ಡು ಯಾರಿಗ್ ಸ್ವಾಮಿ?" ಎಂದು ಕೆಂಚಪ್ಪ ಕೇಳುತ್ತಾರೆ. "ಇಲ್ಲಿ ಓಡಾಡೋದು ಸೌದೆಯೋರು, ದನದೋರು. ನಮ್ಗೆ ಕನ್ನಡಾನೇ ಓದಾಕೆ ಬರಾಕಿಲ್ಲ, ಇಂಗ್ಲೀಸು ಎಮ್ಮೆಗ್ ಬತ್ತದಾ?"

ತಂತಿ ಬಿಗಿದವರ ಜೀಪು ಹೋದ ಮಾರನೆಯ ದಿನ ಅಂಬಮ್ಮ ಸೌದೆಗೆ ಹೋಗುವಾಗ ಒಂದು ಕಲ್ಲು ಹೊತ್ತುಕೊಂಡು ಹೋಗಿ ಮಗಳ ಬಾವಿಗೆ ಹಾಕಿದರು. ಮರುದಿನವೂ ಹಾಕಿದರು. ಕೈ ಗಾಯ ಮಾಯ್ದ ಮೇಲೆ ಕೆಂಚಪ್ಪ ಸೈಕಲ್ಲಿನ ಎರಡೂ ಕಡೆ ಗೋಣಿಚೀಲ ಕಟ್ಟಿ, ಹೊಲದ ಬದುಗಳಲ್ಲಿ ರೈತರು ಆರಿಸಿ ಹಾಕಿದ್ದ ಕಲ್ಲು ತುಂಬಿಕೊಂಡು ತಳ್ಳತೊಡಗಿದರು. ಸೌದೆಯ ಹೆಂಗಸರೆಲ್ಲ ಕೈ ಹಾಕಿದರು. ಒಂದು ಭಾನುವಾರ ಓಂಕಾರಮೂರ್ತಿಯೂ ಬಂದರು. ಸೈಕಲ್ ತುಳಿಯುವಂತಿರಲಿಲ್ಲ, ಬಸ್ಸಿನಲ್ಲಿ ಬಂದರು. ಕುಂಟುತ್ತಲೇ ದಿನವಿಡೀ ಕಲ್ಲು ಕೊಟ್ಟರು. ಆಮೇಲೂ ರಜೆ ಸಿಕ್ಕಾಗಲೆಲ್ಲ ಬರುತ್ತಾರೆ.

ಹೀಗೆ ವರ್ಷ ಕಳೆದು, ಬಾವಿ ಮುಕ್ಕಾಲು ತುಂಬುವ ಹೊತ್ತಿಗೆ ಮತ್ತೆ ಜೀಪು ಬಂತು. ಕಳೆದ ತಿಂಗಳ ಮಾತು ಇದು. ಇಳಿದ ಅಧಿಕಾರಿ ಕೆಂಚಪ್ಪನ ಸೈಕಲ್ ಹಿಡಿದುಕೊಂಡು ಗದರಿದರು: "ಯಾರನ್ನ ಕೇಳಿ ಮುಚ್ಚುತ್ತಿದ್ದೀಯಾ? ಇದು ಸರ್ಕಾರದ ಗಣಿ. ನಾಳೆ ಇಲ್ಲಿ ಮತ್ತೆ ಚಿನ್ನ ಹುಡುಕಬೇಕಾದರೆ? ಕೇಸು ಹಾಕ್ತೀನಿ."

ಅಂಬಮ್ಮ ತಲೆಯ ಮೇಲಿನ ಕಲ್ಲು ಇಳಿಸದೆಯೇ ಅವರೆದುರಿಗೆ ಬಂದು ನಿಂತರಂತೆ.

"ನನ್ ಮಗ್ಳು ಸತ್ತಾಗ ನಿಮ್ ಆಪೀಸಿಗೆ ಬಂದಿದ್ದೆ ಕಣಪ್ಪಾ. ಅಲ್ಲಿ ಬಾವೀನೇ ಇಲ್ಲ ಅಂದ್ರಿ. ಇಲ್ದಿರೋ ಬಾವಿ ನಾವ್ ಮುಚ್ಚುದ್ರೆ ನಿಮ್ಗೇನು ನಷ್ಟ?"

ಹೆಂಗಸರು ಒಬ್ಬೊಬ್ಬರಾಗಿ ಬಂದು ಅಧಿಕಾರಿಯ ಕಣ್ಣೆದುರೇ ಕಲ್ಲು ಹಾಕಿದರು. ಅಂಬಮ್ಮನೂ ಹಾಕಿದರು. ಸೈಕಲ್ ಬಿಟ್ಟು ಅಧಿಕಾರಿ ಜೀಪು ಹತ್ತಿದರು. ಕೇಸು ಇನ್ನೂ ಬಂದಿಲ್ಲ. ಬಂದರೆ ತರೀಕೆರೆ ಕೋರ್ಟಿಗೆ ತಾನೂ ಬರುತ್ತೇನೆಂದು ಓಂಕಾರಮೂರ್ತಿ ಹೇಳಿದ್ದಾರೆ. ಇಲಾಖೆಗೆ ನನ್ನದೊಂದು ಪ್ರಶ್ನೆ: ಈ ಗುಡ್ಡವನ್ನು ಕಾಯಬೇಕಾದವರು ಯಾರು, ಕಾಯುತ್ತಿರುವವರು ಯಾರು? ಕೇಸು ಯಾರ ಮೇಲೆ ಬೀಳಬೇಕು?

ನಾನು ಹೋದ ದಿನ ಹಾಲಮ್ಮನ ಬಾವಿ ಬಾಯಿಮಟ್ಟ ತುಂಬಿತ್ತು. ಮೇಲೆ ಎರೆ ಮಣ್ಣು ಹರಡಿ ಅಂಬಮ್ಮ ಕಾಲಿನಲ್ಲಿ ತುಳಿದು ಗಟ್ಟಿ ಮಾಡುತ್ತಿದ್ದರು. ಇನ್ನೂ ಎಷ್ಟು ಬಾವಿಗಳಿವೆ ಎಂದು ಕೇಳಿದೆ. ಕೆಂಚಪ್ಪ ಗುಡ್ಡದ ಉದ್ದಕ್ಕೂ ಕೈ ಬೀಸಿ ತೋರಿಸಿದರು. ಇಷ್ಟನ್ನೂ ಈ ಕೈಯಲ್ಲಿ ಮುಚ್ಚುತ್ತೀರಾ ಎಂದೆ.

"ನನ್ ಕಾಲಕ್ಕೆ ಮುಗ್ಯಾಕಿಲ್ಲ ಬಿಡಿ" ಎಂದರು. ಸೌದೆ ಹೊತ್ತು ಇಳಿಯುತ್ತಿದ್ದ ಹೆಣ್ಣುಮಕ್ಕಳ ಸಾಲಿನ ಕಡೆ ತಿರುಗಿದರು. ಒಬ್ಬೊಬ್ಬಳೂ ತಲೆ ತಗ್ಗಿಸಿ, ಹೆಜ್ಜೆ ಹೆಜ್ಜೆಗೂ ನೆಲ ನೋಡುತ್ತ ಬರುತ್ತಿದ್ದಳು. "ನೋಡಿ ಅವರ್ನ. ಮಾತಿಲ್ಲ, ನಗಾಡಾಕಿಲ್ಲ, ಬರೀ ನೆಲ ನೋಡೋದೇ ಆಗೋಯ್ತು. ಆ ಮಕ್ಳು ಈ ಗುಡ್ಡದಾಗೆ ಒಂದ್ ದಿನಾನಾದ್ರೂ ಆಕಾಶ ನೋಡ್ಕಂಡು ನಡೀಬೇಕು ಕಣ್ರೀ. ಅಷ್ಟಾದ್ರೆ ಸಾಕು."