ಎಂಬತ್ತು ಗ್ರಾಂ ಕ್ಷಯಿಸಿ ನೂರಾದ ಬಗೆ

ನಾನು ಇಳಕಲ್ಲಿನಲ್ಲಿ ಪಿಯುಸಿ ಓದುವಾಗ ನಮಗೆ ರಸಾಯನಶಾಸ್ತ್ರ ಕಲಿಸುತ್ತಿದ್ದ ಸರ್ ಒಳ್ಳೆಯವರು. ಆದರೆ ಗೈಡ್ ಬಿಟ್ಟು ಬೇರೆ ಯಾವುದನ್ನೂ ನಂಬುತ್ತಿರಲಿಲ್ಲ. ನಮಗೆ ಗೊತ್ತಾಗಬಾರದೆಂದು ಅದಕ್ಕೆ ಪೇಪರ್ ರಟ್ಟು ಹಾಕಿರುತ್ತಿದ್ದರು. ಅವರಿಗೆ ಗೊತ್ತಾಗಬಾರದೆಂದು ನಾವೂ ನಮ್ಮ ಗೈಡಿಗೆ ಪೇಪರ್ ರಟ್ಟೇ ಹಾಕಿರುತ್ತಿದ್ದೆವು.

ಒಮ್ಮೆ ಹೋಂವರ್ಕಿಗೆ ವಿಕಿರಣ ಕ್ಷಯದ ಲೆಕ್ಕ ಕೊಟ್ಟರು. ಎಂಬತ್ತು ಗ್ರಾಂ ವಸ್ತು, ಅರ್ಧಾಯು, ಅಂದರೆ ಅರ್ಧಕ್ಕೆ ಇಳಿಯುವ ಕಾಲ, ಎಂಟು ದಿನ. ಇಪ್ಪತ್ನಾಲ್ಕು ದಿನಕ್ಕೆ ಎಷ್ಟು ಉಳಿಯುತ್ತದೆ? ಗೈಡಿನಲ್ಲಿ ಉತ್ತರ ನೂರು ಗ್ರಾಂ ಎಂದಿತ್ತು. ಕ್ಲಾಸಿನ ಉಳಿದವರೆಲ್ಲ ನೂರು ಬರೆದರು. ಮನೆಯಲ್ಲಿ ಸೀರೆಯ ನೂಲಿಗೆ ಬಣ್ಣ ಹಾಕುತ್ತಿದ್ದ ಅಪ್ಪನಿಗೆ ನಾನು ಲೆಕ್ಕವನ್ನೂ ಗೈಡಿನ ಉತ್ತರವನ್ನೂ ಓದಿ ಹೇಳಿದೆ.

“ಎಂಟ ದಿನಕ್ಕ ನಲವತ್ತು, ಮತ್ತ ಇಪ್ಪತ್ತು, ಆಮ್ಯಾಲ ಹತ್ತು. ನೂರ ಎಲ್ಲಿಂದ ಬಂತವಾ?” ಎಂದ ಅಪ್ಪ.

ನಾನು ಹತ್ತು ಬರೆದೆ. ಸರ್ ಕೆಂಪು ಪೆನ್ನಿನಿಂದ ಕಾಟು ಹಾಕಿದರು.

“ಸರ, ಕಡಿಮಿ ಆಗೋದು ಹೆಚ್ಚ ಹೆಂಗ ಆಗ್ತೈತ್ರಿ?”

“ಪುಸ್ತಕ ಬರದವ್ರಿಗಿಂತ ನೀ ಶಾಣ್ಯಾಕಿಯೇನು? ನೂರು ಅಂತ ಹತ್ತ ಸಲ ಬರಕೊಂಡ ಬಾ.”

ಬರೆದುಕೊಂಡು ಹೋದೆ. ಕಿರುಪರೀಕ್ಷೆಯಲ್ಲಿ ಅದೇ ಲೆಕ್ಕ ಬಂದಾಗ, ಬುದ್ಧಿ ಕಲಿತವಳಾಗಿ ನೂರೆಂದೇ ಬರೆದೆ. ಅಷ್ಟರಲ್ಲಿ ಫಿಸಿಕ್ಸ್ ಮೇಡಂ ಅಚ್ಚಿನ ತಪ್ಪನ್ನು ಸರ್‌ಗೆ ತೋರಿಸಿಬಿಟ್ಟಿದ್ದರು. ಆ ಲೆಕ್ಕಕ್ಕೆ ಇಡೀ ಕ್ಲಾಸಿಗೆ ಸೊನ್ನೆ.

“ಕ್ಷಯ ಅಂದ್ರ ಕರಗೋದು. ಇಷ್ಟೂ ತಿಳಿಯಂಗಿಲ್ಲೇನ್ ನಿಮಗ?” ಎಂದು ಸರ್ ಗದರಿದರು.

ನಾನು ಎದ್ದು ಹತ್ತು ಸಲ ಬರೆದಿದ್ದ ನೋಟ್‌ಬುಕ್ಕನ್ನು ಅವರ ಮುಂದಿಟ್ಟೆ. ಅವರು ಪುಟವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

“ಅಕ್ಷರ ಚಂದ ಅದಾವ. ಕುಂದರ,” ಎಂದರು.

ಅದೇ ಪರೀಕ್ಷೆಯಲ್ಲಿ ರೆಡಾಕ್ಸ್ ಕ್ರಿಯೆಗೆ ಒಂದು ಉದಾಹರಣೆ ಕೇಳಿದ್ದರು. ಉಳಿದವರೆಲ್ಲ ಗೈಡಿನಲ್ಲಿದ್ದಂತೆ ಕಬ್ಬಿಣದ ತುಕ್ಕು ಎಂದು ಬರೆದರು. ನಾನು ಅಪ್ಪ ನೂಲಿಗೆ ನೀಲಿ ಬಣ್ಣ ಹಾಕುವ ಹಂಡೆಯ ಬಗ್ಗೆ ಬರೆದೆ: ನೂಲು ಹಂಡೆಯಿಂದ ಹಳದಿಮಿಶ್ರಿತ ಹಸಿರಾಗಿ ಮೇಲೆ ಬರುತ್ತದೆ, ಗಾಳಿಯ ಆಮ್ಲಜನಕ ತಾಗಿದ ಮೇಲೆ ನೀಲಿಯಾಗುತ್ತದೆ. ಸರ್ ಅಂಕ ಕೊಡದೆ ಪಕ್ಕದಲ್ಲಿ ದೊಡ್ಡ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಕ್ಲಾಸು ಮುಗಿದ ಮೇಲೆ ನನ್ನನ್ನು ಕರೆದು ಮೆಲ್ಲಗೆ ಕೇಳಿದರು.

“ಖರೆನ ಹಳದಿ ಬರ್ತೈತಿ?”

“ಬಂದ ನೋಡ್ರಿ ಸರ.”

ಭಾನುವಾರ ನಿಜಕ್ಕೂ ಬಂದರು. ಅಪ್ಪ ಒಂದು ಲಡಿ ನೂಲನ್ನು ಹಂಡೆಯಿಂದ ಎತ್ತಿ ಕೋಲಿಗೆ ನೇತುಹಾಕಿದ. ಕಣ್ಣೆದುರೇ ಅದು ಹಸಿರು ಬಿಟ್ಟು ನೀಲಿಗೆ ತಿರುಗಿತು.

“ಗಾಳಿ ಕುಡಿಲಾಕತ್ತೈತ್ರಿ,” ಎಂದ ಅಪ್ಪ.

“ಇದೇನ ಪರೀಕ್ಷಾಕ ಬರಂಗಿಲ್ಲ ಬಿಡ್ರಿ,” ಎನ್ನುತ್ತಲೇ ಸರ್ ಅಂಗಿಯ ತೋಳು ಮಡಚಿ, ಮುಂದಿನ ಲಡಿಯನ್ನು ತಾವೇ ಅದ್ದಲು ಕೈಚಾಚಿದರು. ಅಪ್ಪ ಬೇಡವೆಂದರೂ ಕೇಳಲಿಲ್ಲ.

ಸೋಮವಾರ ನನ್ನ ಉತ್ತರಪತ್ರಿಕೆ ಕೇಳಿ ಪಡೆದು ಆ ಚಿಹ್ನೆಯನ್ನು ಹೊಡೆದುಹಾಕಿ ಎರಡು ಅಂಕ ಕೊಟ್ಟರು. ಪೆನ್ನು ಹಿಡಿದಿದ್ದ ಅವರ ಬೆರಳುಗಳು ಉಗುರಿನವರೆಗೂ ನೀಲಿಯಾಗಿದ್ದವು.