ಮಾನಮ್ಮನ ಶನಿವಾರದ ಬೆಲ್ಲ

ಊರು ಬಿಟ್ಟು ಬಂದು, ದೂರದ ಶಹರದ ಖರಾಡಿ ಬಡಾವಣೆಯ ಕಟ್ಟಡಗಳಿಗೆ ಹನ್ನೊಂದು ವರ್ಷ ಸಿಮೆಂಟಿನ ಬುಟ್ಟಿ ಹೊತ್ತ ಮೇಲೆ ಮಾನಮ್ಮನ ಮೊಣಕಾಲು ಸೋತಿತು. ಆಗ ಸಿಕ್ಕಿದ್ದು ಇಲಿ ಹಿಡಿಯುವ ಕೆಲಸ. ತನ್ನೂರು ಶಹಾಪುರದ ನೆಂಟರು ನಕ್ಕಾರೆಂದು ಅವಳು ಅದನ್ನು ಕಾಲೇಜಿನ ಕೆಲಸ ಎನ್ನುತ್ತಿದ್ದಳು. ಸುಳ್ಳೇನಲ್ಲ. ಅಲ್ಲಿನ ಕಾಲೇಜಿನ ಪ್ರಾಧ್ಯಾಪಕಿ, ಧಾರವಾಡದ ಕಡೆಯ ವರದಾ ಅವರು, ಇಲಿಗಳ ಅಧ್ಯಯನಕ್ಕೆಂದು ನದಿ ದಂಡೆಯ ಹುಲ್ಲಿನಲ್ಲಿ ಇಪ್ಪತ್ತು ತಗಡಿನ ಬೋನು ಇರಿಸಿದ್ದರು. ಬೆಳಿಗ್ಗೆ ಒಂದೊಂದನ್ನೇ ತೆರೆದು, ಸಿಕ್ಕ ಇಲಿಯನ್ನೋ ಸುಂಡಿಲಿಯನ್ನೋ ತೂಗಿ ಬಿಟ್ಟುಬಿಡುವುದು ಅವಳ ಪಾಲಿನ ಕೆಲಸ. ಅವಳಿಗೆ ಅದು ಒಗ್ಗಿತ್ತು.

ಮೂರು ವಾರದಿಂದ ಬೋನುಗಳು ಖಾಲಿ. ಎಲ್ಲೆಲ್ಲೂ ಸಾಲು ಕಟ್ಟದೆ ಅಡ್ಡಾದಿಡ್ಡಿ ಓಡುವ ಹಳದಿ ಇರುವೆ. ಹೊರಗಿನಿಂದ ಬಂದು ನೆಲೆಯೂರಿದ ಜಾತಿ. ಆಮ್ಲ ಚಿಮ್ಮಿಸಿ ಇಲಿಮರಿಗಳನ್ನು ಕೊಲ್ಲಬಲ್ಲದು ಎಂದು ವರದಾ ಹೇಳಿದ್ದರು.

“ಇಲಿನೇ ಇಲ್ಲದಲ್ಲಿ ಬೋನು ಯಾಕ? ಮುಂದಿನ ವಾರ ಶಿರೂರಿಗೆ ಒಯ್ತೀನಿ. ಅಲ್ಲಿಯವರನ್ನ ಯಾರನ್ನರ ಹಚ್ಕೋತೀನಿ,” ಎಂದರು ವರದಾ.

ಅಂದರೆ ಮತ್ತೆ ಬುಟ್ಟಿ. ಮಾನಮ್ಮ ದಂಡೆಯ ಬೇವಿನ ಮರದ ಬುಡ ನೋಡಿದಳು; ಇರುವೆ ಅಲ್ಲೇ ಹೆಚ್ಚು ಮುತ್ತಿತ್ತು. ಹೇಳಿದರೆ ಕೆಲಸ ಹೋಗಬಹುದು, ಹೇಳದಿದ್ದರೂ ಹೋಗುತ್ತದೆ.

“ಅಕ್ಕಾರ, ಆ ಇರುವಿಗೆ ನಾನೇ ಉಣ್ಣಾಕ ಹಾಕೀನ್ರಿ.”

“ಏನಂದಿ?”

“ಬೆಲ್ಲ, ಜ್ವಾಳದ ಹಿಟ್ಟು. ಶನಿವಾರ ಶನಿವಾರ, ಆ ಬೇವಿನ ಬುಡಕ್ಕ. ಪುಣ್ಯ ಬರ್ತದಂತ ನಮ್ಮತ್ತಿ ಕಲಿಸ್ಯಾಳ.”

ವರದಾ ಕನ್ನಡಕ ತೆಗೆದು ಒರೆಸಿದರು. “ಯಾವಾಗಿಂದ?”

“ದೀಪಾವಳಿಯಿಂದ್ರಿ.”

“ಭಾಳ ಪುಣ್ಯ ಕೂಡಿರಬೇಕು. ನನ್ನ ಇಲಿ ಮಾತ್ರ ಓಡಿಹೋದ್ವು.”

“ಎಲ್ಲಿಗೂ ಹೋಗಿಲ್ರಿ. ಆ ಬಿದ್ದ ಗ್ವಾಡಿ ಕಲ್ಲಿನ ಸಂದ್ಯಾಗ ಅವ. ಅವು ಹಾಕಿದ ಹಿಕ್ಕಿ ನೋಡೀನಿ. ಇರುವಿ ಅಲ್ಲಿತನ ಮುಟ್ಟಿಲ್ಲ.”

“ಇಷ್ಟು ದಿನ ಯಾಕ ಹೇಳಲಿಲ್ಲ?”

“ಬೋನು ನೋಡು ಅಂದ್ರಿ. ಗ್ವಾಡಿ ನೋಡು ಅನ್ನಲಿಲ್ಲ.”

ವರದಾ ಆ ಬಿದ್ದ ಗೋಡೆಯ ಕಡೆ ನಡೆದರು. ಅಂದೇ ಹತ್ತು ಬೋನುಗಳನ್ನು ಕಲ್ಲಿನ ಬಳಿಗೆ ಸಾಗಿಸಿದರು. ಮರುದಿನ ಬೆಳಿಗ್ಗೆ ನಾಲ್ಕು ಇಲಿ, ಒಂದು ಕೋಪಿಷ್ಠ ಸುಂಡಿಲಿ. ಇಲಿಗಳು ಅಳಿದಿರಲಿಲ್ಲ, ಹುಲ್ಲು ಬಿಟ್ಟು ಕಲ್ಲು ಸೇರಿದ್ದವು. ಇರುವೆ ಮುಂದೊತ್ತಿದಂತೆ ಅವು ಎಲ್ಲಿಗೆ ಸರಿಯುತ್ತವೆಂಬುದೇ ಈಗ ವರದಾರ ಅಧ್ಯಯನ. ಶಿರೂರಿನ ಮಾತು ಅಲ್ಲಿಗೆ ನಿಂತಿತು.

“ಹಿಕ್ಕಿ ಎಲ್ಲೆಲ್ಲಿ ಅದಾವ, ದಿನಾ ನೋಡಿ ಹೇಳಬೇಕು. ಮತ್ತ ಬೆಲ್ಲ ಬಂದ್.”

“ಹೌದ್ರಿ.”

ಬೆಲ್ಲ ನಿಂತರೂ ಇರುವೆ ಬೇವಿನ ಬುಡ ಬಿಡಲಿಲ್ಲ. ಶನಿವಾರ ಮಾನಮ್ಮ ಬೋನುಗಳನ್ನೆಲ್ಲ ನೋಡಿ ಮುಗಿಸಿ, ಬಿದ್ದ ಗೋಡೆಯ ಮೇಲೆ ಕಾಲು ಚಾಚಿ ಕೂತು, ಬೆಲ್ಲವನ್ನು ರೊಟ್ಟಿಯ ಜೊತೆ ತಾನೇ ತಿಂದಳು.