ರೊಟ್ಟಿಯ ಮೇಲೆ ಹೊರಿಸಿದ ತಪ್ಪು

ಶಾಂತಕ್ಕ, ನಿಮ್ಮ ಯಜಮಾನರ ಕರುಳಿಗೆ ತೂತು ಬಿದ್ದದ್ದು ನೀವು ಕೊಟ್ಟ ರೊಟ್ಟಿಯಿಂದಲ್ಲ. ನನ್ನ ಕೈಯಿಂದ. ಇಷ್ಟು ಹೇಳಲು ನನಗೆ ಹತ್ತು ವರ್ಷ ಬೇಕಾಯಿತು.

ಆಗ ಜಮಖಂಡಿಯ ನನ್ನ ಆಸ್ಪತ್ರೆಗೆ ಕರುಳೊಳಗೆ ಇಳಿಸುವ ದುರ್ಬೀನು ಹೊಸದಾಗಿ ಬಂದಿತ್ತು. ಎಂಥ ದಿನಗಳು ಅವು! ಮುಧೋಳ, ಬೀಳಗಿಯಿಂದಲೂ ಜನ ಬರುತ್ತಿದ್ದರು. ಮಹಾಲಿಂಗಪುರದವರು ಬೆಲ್ಲದ ಪೆಂಟಿ ತಂದುಕೊಡುತ್ತಿದ್ದರು. ನನ್ನ ಕಾಲು ನೆಲದ ಮೇಲೇ ಇರಲಿಲ್ಲ. ಮಗ್ಗದ ಸದ್ದಿಗೆ ಒಗ್ಗಿದ ನಿಮ್ಮ ಯಜಮಾನರು ಆಸ್ಪತ್ರೆಯಲ್ಲೂ ಕೂಗಿಯೇ ಮಾತಾಡುತ್ತಿದ್ದರು — ಈಗಲೂ ಆ ದನಿ ಕಿವಿಯಲ್ಲಿದೆ. “ಹೊಟ್ಟಿ ಕೊಯ್ಯೂದಿಲ್ಲ, ಸಂಜೀಗೆ ಮನೀಗೆ ಕಳಸ್ತೇನ್ರಿ” ಎಂದು ಅವರಿಗೆ ಮಾತು ಕೊಟ್ಟಿದ್ದೆ.

ಅವರ ಕರುಳಿನಲ್ಲಿ ಬೆಳೆದಿದ್ದ ಗಂಟಿಗೆ ದುರ್ಬೀನಿನ ಮೂಲಕವೇ ತಂತಿಯ ಕುಣಿಕೆ ಹಾಕಿ ಸುಟ್ಟು ಕತ್ತರಿಸಿದೆ. ಹೊರತೆಗೆದು ಮಗುಚಿ ನೋಡಿದರೆ ಅಡಿಯಲ್ಲಿ ಬಿಳಿಯ ಉಂಗುರ — ಗಂಟಿನ ಜೊತೆ ಕರುಳಿನ ಗೋಡೆಯ ಆಳದ ಪದರವೂ ಬಂದಿದೆ, ಅಲ್ಲಿ ತೂತು ಬೀಳಬಹುದು ಎಂಬ ಗುರುತು. ಅಪರೂಪದ್ದು, ಆದರೆ ಓದಿ ಗೊತ್ತಿತ್ತು. ಆಗಲೇ ಆ ಜಾಗಕ್ಕೆ ಕ್ಲಿಪ್ ಹಾಕಿ ಮುಚ್ಚಬೇಕಿತ್ತು, ಬಾಯಿಗೆ ಏನೂ ಕೊಡದೆ ಆಸ್ಪತ್ರೆಯಲ್ಲೇ ಇಟ್ಟುಕೊಳ್ಳಬೇಕಿತ್ತು. ಕ್ಲಿಪ್ ಕಪಾಟಿನಲ್ಲೇ ಇದ್ದವು. ಆದರೆ ಕೊಟ್ಟ ಮಾತು — ಹೊರಗೆ ಕಾದಿದ್ದ ಜನ — ನನ್ನ ಹೆಸರು... ಏನೂ ಆಗಲಿಕ್ಕಿಲ್ಲ ಅಂದುಕೊಂಡು ಕಳಿಸಿಬಿಟ್ಟೆ. ಊಟದ ಬಗ್ಗೆ ಒಂದು ಮಾತೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವರನ್ನು ಹೊತ್ತು ತಂದಿರಿ. ಹೊಟ್ಟೆ ಹಲಗೆಯಂತೆ ಬಿಗಿದಿತ್ತು. ಮುಟ್ಟಿದ ಕೂಡಲೇ ನನಗೆ ತಿಳಿಯಿತು. ಆದರೂ ಎಲ್ಲರೆದುರು ಕೇಳಿದೆ: “ಮನೀಗೆ ಹೋಗಿ ಏನ್ ತಿನ್ನಾಕ ಕೊಟ್ರಿ?”

“ಹಸಿವಾಗೈತಿ ಅಂದ್ರು... ಅರ್ಧ ರೊಟ್ಟಿ ಕೊಟ್ಟೇನ್ರಿ.”

“ನನ್ನ ಮಗನ್ನ ಕೊಂದ್ಯಲ್ಲ ಬೇ!” ಎಂದು ನಿಮ್ಮ ಅತ್ತೆ ಚೀರಿದರು. ನಾನು ತಲೆ ಎತ್ತದೆ ಬಿಜಾಪುರದ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದೆ. ಅಲ್ಲಿ ಹೊಟ್ಟೆ ಕೊಯ್ದು ತೂತು ಹೊಲಿದರು; ಅವರು ಉಳಿದರು. ನನ್ನ ಹೆಸರೂ ಉಳಿಯಿತು.

ಮೊನ್ನೆ ನೀವು ಮೊಣಕಾಲು ನೋವೆಂದು ಬಂದಿದ್ದಿರಿ. ಹೋಗುವಾಗ ಬಾಗಿಲಲ್ಲಿ ನಿಂತು ಕೇಳಿದಿರಿ: “ಡಾಕ್ಟರ್ರೀ, ಅತ್ತಿ ಇರೂತನಕ ನನ್ನ ಕೈಯಾನ ರೊಟ್ಟಿ ನಮ್ಮ ಯಜಮಾನ್ರಿಗೆ ಕೊಡಾಕ ಬಿಡ್ಲಿಲ್ರಿ. ಈಗರ ಕೊಡಬೌದೇನ್ರಿ?”

“ಕೊಡ್ರಿ” ಎಂದೆ. ಅಷ್ಟೇ. ಮುಂದಿನ ರೋಗಿಯನ್ನು ಒಳಗೆ ಕರೆದೆ — ಥೂ, ನನ್ನ ಬಾಳು!

ಈ ಭಾನುವಾರ ಬನಹಟ್ಟಿಗೆ, ನಿಮ್ಮ ಮನೆಗೆ ಬರುತ್ತೇನೆ. ನಿಮ್ಮವರನ್ನೆಲ್ಲ ಕೂಡಿಸಿರಿ, ಈ ಕಾಗದವನ್ನು ಅವರೆದುರು ನಾನೇ ಓದುತ್ತೇನೆ. ನಿಮ್ಮ ಅತ್ತೆ ಮಾತ್ರ ನಿಮ್ಮನ್ನೇ ತಪ್ಪಿತಸ್ಥೆ ಎಂದು ನಂಬಿಕೊಂಡೇ ಹೋದರು. ಅದನ್ನು ನಾನಿನ್ನು ತಿದ್ದಲಾರೆ.